ಜನರಲ್ ಮಲಗಿಸಿದ ಗೊಂಬೆಗಳು

ಮೊನ್ನೆ ಇಲ್ಲಿ, ಅಮೆರಿಕದ ಸರಟೋಗಾದಲ್ಲಿ, ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಊಟ ಮುಗಿಸಿದ ಗಂಡಸರು ಸೋಫಾ ಹಿಡಿದು ಕೂತು, ಭಾರತ ಯಾಕೆ ಉದ್ಧಾರವಾಗುವುದಿಲ್ಲ ಎಂಬ ಮಾಮೂಲು ಚರ್ಚೆಗೆ ಇಳಿದರು. ಪಾಯಸ ಎರಡನೇ ಸಲ ಹಾಕಿಸಿಕೊಂಡವರೇ ಈ ಚರ್ಚೆಯಲ್ಲಿ ಯಾವಾಗಲೂ ಮುಂದು. ಅವರಲ್ಲೊಬ್ಬರು, "ನಮ್ಮೋರಿಗೆ ಡಿಸಿಪ್ಲಿನ್ನೇ ಇಲ್ಲಾರೀ. ಜರ್ಮನ್ನರನ್ನ ನೋಡಿ ಕಲೀಬೇಕು," ಅಂದರು. ಒಂದು ಕಾಲದಲ್ಲಿ ಈ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಗಂಡ ನಾಗರಾಜ್ ಸೋಫಾದ ತುದಿಗೆ ಬಂದು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವತ್ತು ಎದ್ದು ಅಡುಗೆಮನೆಗೆ ಬಂದರು. ಲೋಟಕ್ಕೆ ನೀರು ಹಿಡಿದು ಕುಡಿದು, "ಹೊರಡೋಣ್ವಾ?" ಅಂದರು. ಇನ್ನೂ ಎಲೆ ಅಡಿಕೆ ಕೂಡ ಕೊಟ್ಟಿರಲಿಲ್ಲ.

ಫ್ರೀವೇ ಉದ್ದಕ್ಕೂ ಇಬ್ಬರ ತಲೆಯಲ್ಲೂ ಇದ್ದವರು ಒಬ್ಬರೇ ಎಂದು ಇಬ್ಬರಿಗೂ ಗೊತ್ತಿತ್ತು.

ಜನರಲ್ ಹೋಗಿ ಒಂದು ವರ್ಷದ ಮೇಲಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡ ಎಂದು ಅವರ ಮಗಳು ಉರ್ಸುಲಾ ಕೇಳಿಕೊಂಡಿದ್ದಾಳೆ. ಹೇಗೂ ಯೂನಿಯನ್ ಸಿಟಿಯ ನಮ್ಮ ಬೀದಿಗೆಲ್ಲ ಅವರು ಬರೀ ಜನರಲ್ ಆಗಿದ್ದರು. ಮೊದಮೊದಲು ಅದೊಂದು ಅಡ್ಡಹೆಸರು, ಮುದುಕರ ಗತ್ತು ನೋಡಿ ಪಡ್ಡೆ ಹುಡುಗರು ಇಟ್ಟದ್ದು ಅಂದುಕೊಂಡಿದ್ದೆ. ಅವರು ನಿಜವಾಗಿಯೂ ಜನರಲ್ ಎಂದು ಗೊತ್ತಾದದ್ದು ಆಮೇಲೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ, ಸಾವಿರಾರು ಸಿಪಾಯಿಗಳ ಒಂದು ಇಡೀ ಡಿವಿಷನ್ನು ಅವರ ಕೈಕೆಳಗಿತ್ತು.

ಉರ್ಸುಲಾ ನಮ್ಮ ಪಕ್ಕದ ಮನೆಯವಳು. ಐವತ್ತರ ಹತ್ತಿರದ ವಯಸ್ಸು, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ಹುಡುಗಿಯಾಗಿದ್ದಾಗ ಅಮೆರಿಕನ್ ಸಿಪಾಯಿಯೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಆ ಮದುವೆ ಉಳಿಯಲಿಲ್ಲ, ಇವಳು ಉಳಿದಳು. ಜರ್ಮನಿಯಲ್ಲಿ ತಾಯಿ ತೀರಿಕೊಂಡ ಮೇಲೆ ತಂದೆಯನ್ನು ಕರೆತಂದು ಇಟ್ಟುಕೊಂಡಳು. ನನಗೆ ಸಕ್ಕರೆ ಸಾಲ ಕೊಡುವಷ್ಟು, ನನ್ನ ಸಾರು ಕುಡಿದು ಕಣ್ಣಲ್ಲಿ ನೀರು ಬಂದರೂ ಚೆನ್ನಾಗಿದೆ ಅನ್ನುವಷ್ಟು ಸ್ನೇಹಿತೆ.

ಜನರಲ್ ಉದ್ದಕ್ಕೆ, ತೆಳ್ಳಗೆ ಇದ್ದರು. ಕಸದ ಡಬ್ಬಿ ಬೀದಿಗೆ ತಳ್ಳುವುದಕ್ಕೂ ಟೈ ಕಟ್ಟಿಕೊಂಡೇ ಬರುತ್ತಿದ್ದರು. ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ. ರಷ್ಯಾದ ಚಳಿ ತೆಗೆದುಕೊಂಡಿತು ಅನ್ನುತ್ತಿದ್ದರು. ಅವರು ನಡೆದರೆ ಸದ್ದಾಗುತ್ತಿರಲಿಲ್ಲ. ಅಷ್ಟು ಎತ್ತರದ ಮನುಷ್ಯ, ಅಷ್ಟು ಭಾರದ ಬೂಟು, ಆದರೂ ಸದ್ದಿಲ್ಲ. ಪಾತ್ರೆ ತೊಳೆಯುತ್ತ ನಿಂತ ನಾನು ತಲೆಯೆತ್ತಿದರೆ ಬೇಲಿಯಾಚೆ ನಿಂತಿರುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದಾರೋ ತಿಳಿಯುತ್ತಿರಲಿಲ್ಲ. ನನ್ನನ್ನೇನೂ ನೋಡುತ್ತಿರಲಿಲ್ಲ, ನನ್ನ ಮನೆಯ ಮೇಲಿಂದ ಹಿಂದಿನ ಗುಡ್ಡಗಳನ್ನು ನೋಡುತ್ತಿದ್ದರು. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಂದಾಗುವ ಈ ಗುಡ್ಡಗಳೆಂದರೆ ಅವರಿಗೆ ಅದೇನೋ ಸೆಳೆತ. ಒಂದು ಸಲ ಅಲ್ಲಿದ್ದ ಒಂಟಿ ಮನೆಯ ಕಡೆ ಬೊಟ್ಟು ಮಾಡಿ, "ಮೊದಲು ಆ ಮನೆ," ಅಂದರು. ನಾನು ಯಾಕೆ ಎಂದು ಕೇಳಿದೆ. "ಅಲ್ಲಿಂದ ನಿಮ್ಮ ಅಡುಗೆಮನೆ ಕಾಣುತ್ತದೆ," ಅಂದು ಒಳಗೆ ಹೋದರು. ಆ ವಾರವೇ ನಾನು ಕಿಟಕಿಗೆ ಪರದೆ ಹೊಲಿದು ಹಾಕಿದೆ.

ನಮ್ಮನೆಯ ಇವರಿಗೆ ಮಾತ್ರ ಜನರಲ್ ಅಂದರೆ ಪ್ರಾಣ. ಯುದ್ಧದ ಪುಸ್ತಕ ಓದಿ ಓದಿ ತಲೆ ಕೆಡಿಸಿಕೊಂಡಿದ್ದ ಎಂಜಿನಿಯರಿಗೆ ಪಕ್ಕದ ಮನೆಯಲ್ಲೇ ಜನರಲ್ ಸಿಕ್ಕರೆ ಕೇಳಬೇಕೆ? ಶನಿವಾರ ಬಂತೆಂದರೆ ಗ್ರೋಸರಿ ತರುವ ಕೆಲಸ ನನ್ನ ತಲೆಗೆ ಕಟ್ಟಿ, ಇಬ್ಬರೂ ಹಿತ್ತಲಿನ ಕುರ್ಚಿಯಲ್ಲಿ ಕಾಫಿ ಹಿಡಿದು ಕೂರುತ್ತಿದ್ದರು. ಜನರಲ್ ಹುಡುಗನಾಗಿದ್ದಾಗಲೇ ಸೈನಿಕ ಶಾಲೆ ಸೇರಿದವರು. ಮೊದಲ ಯುದ್ಧದ ಕೊನೆಯ ತಿಂಗಳುಗಳಲ್ಲಿ, ಇನ್ನೂ ಮೀಸೆ ಸರಿಯಾಗಿ ಮೂಡದಿದ್ದಾಗ, ಲೆಫ್ಟಿನೆಂಟಾದವರು. ಸೋತ ದೇಶದ ಪುಟ್ಟ ಸೇನೆಯಲ್ಲಿ ಹದಿನೈದು ಇಪ್ಪತ್ತು ವರ್ಷ ಕುದುರೆ ತಿಕ್ಕಿಸಿಕೊಂಡು ಇದ್ದವರು. ಎರಡನೆಯ ಯುದ್ಧ ಬಂದಾಗ ಪೋಲೆಂಡು, ಫ್ರಾನ್ಸು, ಆಮೇಲೆ ರಷ್ಯಾ. ರಷ್ಯಾದಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ತಮ್ಮ ರೆಜಿಮೆಂಟನ್ನು ಹೊರಗೆ ತಂದ ಕಥೆಯನ್ನು ಬಹಳ ಚೆನ್ನಾಗಿ ಹೇಳುತ್ತಿದ್ದರು. ಕುದುರೆಗಳನ್ನು ತಿಂದದ್ದನ್ನು ಹೇಳುವಾಗ ಒಂದೊಂದು ಕುದುರೆಯ ಹೆಸರನ್ನೂ ಹೇಳುತ್ತಿದ್ದರು. ಸತ್ತ ಸಿಪಾಯಿಗಳ ಹೆಸರು ಒಂದನ್ನೂ ನಾನು ಕೇಳಲಿಲ್ಲ.

ಅದಾದ ಮೇಲೆ ಜನರಲ್ ಪದವಿ, ಪ್ಯಾಂಟಿನ ಪಕ್ಕಕ್ಕೆ ಕೆಂಪು ಪಟ್ಟಿ. ಗ್ರೀಸಿನ ಬೆಟ್ಟಗಳ ಕಡೆ ಒಂದು ಡಿವಿಷನ್ನು ಕೊಟ್ಟು ಕಳಿಸಿದರು. ಅಲ್ಲಿ ಬೇಸಿಗೆ ಎಷ್ಟು ಬಿಸಿಯಿತ್ತು, ಆಲಿವ್ ಮರದ ನೆರಳು ಎಷ್ಟು ತೆಳು, ಹೇಸರಗತ್ತೆಗಳಿಗೆ ನೀರು ಹೇಗೆ ಒದಗಿಸಿದರು, ಎಲ್ಲ ಹೇಳುತ್ತಿದ್ದರು. ಅಲ್ಲಿಂದ ಕಥೆ ನೇರವಾಗಿ ಚಳಿಗಾಲದ ಒಂದು ಸೇತುವೆಗೆ ಹಾರುತ್ತಿತ್ತು. ಸೇತುವೆ ಒಡೆದು ಹಿಂದೆ ಸರಿದದ್ದು, ಕೊನೆಗೆ ಅಮೆರಿಕನ್ನರಿಗೆ ಶರಣಾದದ್ದು, ಸೆರೆಯಲ್ಲಿದ್ದಾಗ ಅದೇ ಅಮೆರಿಕನ್ನರು ಕಾಫಿ ಕೊಟ್ಟು ಕೂರಿಸಿ ತಮ್ಮಿಂದ ಯುದ್ಧದ ಪಾಠ ಬರೆಸಿಕೊಂಡದ್ದು. ಬೇಸಿಗೆಗೂ ಚಳಿಗಾಲಕ್ಕೂ ನಡುವೆ ಒಂದು ಶರತ್ಕಾಲ ಇರಬೇಕಲ್ಲ ಎಂದು ಇವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಉರ್ಸುಲಾಳಿಗೆ ಹೊಳೆದಿತ್ತು.

ಅವಳು ಅದನ್ನು ನನಗೆ ಹೇಳಿದ್ದು ನಮ್ಮ ಅಡುಗೆಮನೆಯಲ್ಲಿ, ನನ್ನ ಜೊತೆ ಬಟಾಣಿ ಸುಲಿಯುತ್ತ. ಆ ವಸಂತದಲ್ಲಿ ಟೀವಿಯಲ್ಲಿ ಒಂದು ಕಾರ್ಯಕ್ರಮ ಬಂದಿತ್ತಂತೆ. ಗ್ರೀಸಿನ ಬೆಟ್ಟದ ಮೇಲೆ ಒಂದು ಹಳ್ಳಿ. ಶರತ್ಕಾಲದ ಒಂದು ಬೆಳಿಗ್ಗೆ ಮಂಜಿನಲ್ಲಿ ಸಿಪಾಯಿಗಳು ಬಂದು ಸುತ್ತುಗಟ್ಟಿದರು. ಆಮೇಲೆ ಅಲ್ಲಿ ಹಳ್ಳಿ ಉಳಿಯಲಿಲ್ಲ. ಬದುಕಿ ಉಳಿದ ಒಬ್ಬ ಹೆಂಗಸು ಕ್ಯಾಮೆರಾದ ಮುಂದೆ ಕೂತು, ತನ್ನ ಮನೆ ಇದ್ದ ಜಾಗವನ್ನು ತೋರಿಸಿದಳು. ಆ ಸಿಪಾಯಿಗಳು ಜನರಲ್ ಅವರ ಡಿವಿಷನ್ನಿನವರು.

"ಅಪ್ಪನನ್ನ ಕೇಳಿದೆ," ಅಂದಳು ಉರ್ಸುಲಾ. "'ಆ ವಾರ ನನಗೆ ಕಾಮಾಲೆ, ಬೇರೆ ಊರಲ್ಲಿ ಆಸ್ಪತ್ರೇಲಿ ಮಲಗಿದ್ದೆ, ಕೈಕೆಳಗಿನ ಯಾರೋ ಮಾಡಿದಾರೆ, ನನಗೆ ಗೊತ್ತೇ ಇರಲಿಲ್ಲ' ಅಂದ. ಅಪ್ಪನಿಗೆ ಕಾಮಾಲೆ ಆಗಿದ್ದು ನಿಜ. ಅಮ್ಮ ಅಳ್ತಾ ಇದ್ದದ್ದು ನನಗೆ ನೆನಪಿದೆ. ಆದರೆ ಅದು ಯಾವಾಗ? ನಾನು ಚಿಕ್ಕವಳು. ಅದೊಂದು ನೆನಪಿಗೆ ಬರ್ತಾ ಇಲ್ಲ."

"ವಯಸ್ಸಾದವರು. ಇನ್ನೆಷ್ಟು ದಿನ ಇರ್ತಾರೆ? ಬಿಟ್ಟುಬಿಡು," ಅಂದೆ. ನಮ್ಮ ಕಡೆ ಎಲ್ಲದಕ್ಕೂ ಹೇಳುವ ಮಾತೇ ಇದು.

ಅವಳು ಬಿಡುವವಳಲ್ಲ. "ದಿನಾ ಬೆಳಿಗ್ಗೆ ಮೊಟ್ಟೆ ಬೇಯಿಸಿ ಅವನ ಮುಂದಿಡ್ತೀನಿ. ಅವನು ಅಲ್ಲಿರಲಿಲ್ಲ ಅಂದ್ರೆ ನಾನು ಅಪ್ಪನಿಗೆ ಊಟ ಕೊಡ್ತಾ ಇದೀನಿ. ಇದ್ದ ಅಂದ್ರೆ ಯಾರಿಗೆ ಕೊಡ್ತಾ ಇದೀನಿ? ನನಗದು ಗೊತ್ತಾಗಬೇಕು. ಅವನು ಸಾಯೋದರೊಳಗೆ ಗೊತ್ತಾಗಬೇಕು," ಅಂದಳು. ಅವಳ ಕೈಯಲ್ಲಿದ್ದ ಬಟಾಣಿ ಸಿಪ್ಪೆ ನುಚ್ಚುನೂರಾಗಿತ್ತು.

ಅವಳಿಗೆ ಆತುರ ಇದ್ದದ್ದಕ್ಕೂ ಕಾರಣವಿತ್ತು. ಜನರಲ್ ಅವರ ನೆನಪು ಸಡಿಲವಾಗತೊಡಗಿತ್ತು. ಬೆಳಿಗ್ಗೆ ಎಲ್ಲ ಸರಿಯಾಗಿರುತ್ತಿತ್ತು. ಬಿಸಿಲು ಇಳಿಯುತ್ತ ಬಂದಂತೆ ಅವರು ಬೇರೆಲ್ಲೋ ಇರುತ್ತಿದ್ದರು. ಸಂಜೆ ರೈಲು ಸ್ಟೇಷನ್ನಿಗೆ ನಡೆದು ಹೋಗಿ ಪ್ಲಾಟ್‌ಫಾರಂ ತುದಿಯಲ್ಲಿ ನಿಲ್ಲುತ್ತಿದ್ದರು. ರೈಲು ಹತ್ತುತ್ತಿರಲಿಲ್ಲ. ಬಂದ ರೈಲಿನ ಡಬ್ಬಿಗಳನ್ನು ಎಣಿಸಿ, ಗಡಿಯಾರ ನೋಡಿ, ತಲೆಯಾಡಿಸಿ ವಾಪಸ್ಸು ಬರುತ್ತಿದ್ದರು. ಒಂದು ಸಲ ಕರೆತರಲು ಹೋದ ನನ್ನನ್ನು, "ಸೇತುವೆಗೆ ಕಾವಲು ಯಾಕೆ ಹಾಕಿಲ್ಲ?" ಎಂದು ಗದರಿಸಿದರು. ಆ ದನಿಗೆ ನಾನು "ಸಾರಿ" ಅಂದುಬಿಟ್ಟೆ.

ಆ ದನಿಯ ಶಕ್ತಿ ಎಂಥದು ಅನ್ನುವುದನ್ನು ಇಡೀ ಬೀದಿ ಒಂದು ಭಾನುವಾರ ಕಂಡಿತು. ಮಧ್ಯಾಹ್ನ ಭೂಮಿ ನಡುಗಿತು. ಈ ಊರಿನಲ್ಲಿ ಅದೇನು ಹೊಸದಲ್ಲ. ಆದರೆ ಅವತ್ತಿನದು ಸ್ವಲ್ಪ ಜೋರಾಗಿಯೇ ಇತ್ತು. ಎಲ್ಲರೂ ಉಟ್ಟ ಬಟ್ಟೆಯಲ್ಲಿ ಬೀದಿಗೆ ಓಡಿ ಬಂದೆವು. ಎದುರು ಮನೆಯ ಫಿಲಿಪಿನೋ ಸಂಸಾರ, ಮೂಲೆಮನೆಯ ಮೆಕ್ಸಿಕನ್ ಅಣ್ಣತಮ್ಮಂದಿರು, ನಾವು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದೆವು. ಆಗ ಜನರಲ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದರು. ಕೂಗಲಿಲ್ಲ. ಕೈ ಎತ್ತಿ, ಗಂಡಸರು ಈ ಕಡೆ, ಹೆಂಗಸರು ಮಕ್ಕಳು ಆ ಕಡೆ ಎಂದು ತೋರಿಸಿದರು. ಅಷ್ಟೇ. ನಾವು ಸರಿದು ನಿಂತೆವು. ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ನಾನು ನಮ್ಮ ಪುಟ್ಟ ಮಗಳ ಕೈ ಹಿಡಿದು ಫಿಲಿಪಿನೋ ಅಜ್ಜಿಯ ಪಕ್ಕ ನಿಂತೆ. ಜನರಲ್ ಗಂಡಸರ ಸಾಲಿನ ಮುಂದೆ ನಿಧಾನವಾಗಿ ನಡೆದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲೋ ಒಂದು ಕಾರಿನ ಅಲಾರಂ ಹೊಡೆದುಕೊಳ್ಳುತ್ತಿತ್ತು.

ಉರ್ಸುಲಾ ಹೊರಗೆ ಬಂದಳು. ನಾವು ನಿಂತಿದ್ದ ರೀತಿ ನೋಡಿ ಅವಳ ಮುಖದ ಬಣ್ಣವೇ ಹೋಯಿತು. "ಪಾಪಾ!" ಎಂದು ಚೀರಿದಳು. ಆಗ ನಮಗೆಲ್ಲ ಎಚ್ಚರವಾಯಿತು. ನಾಚಿಕೊಂಡು ನಕ್ಕು ಚದುರಿದೆವು. ಇವರು ಮನೆಗೆ ಬಂದು, "ನೋಡಿದ್ಯಾ, ಏನು ಆರ್ಡರ್ರು! ಒಂದು ನಿಮಿಷದಲ್ಲಿ ಇಡೀ ಬೀದೀನ ಲೈನಿಗೆ ತಂದ್ಬಿಟ್ರು!" ಅಂದರು. ನಾನು ಮಗಳಿಗೆ ಮೊಸರನ್ನ ಕಲಸುತ್ತಿದ್ದೆ. "ಗಂಡಸರು ನೀವೆಲ್ಲ ಒಂದು ಕಡೆ, ಹೆಂಗಸರು ಮಕ್ಕಳು ನಾವು ಇನ್ನೊಂದು ಕಡೆ. ಆಮೇಲೆ ಏನು ಮಾಡೋರಿದ್ರು ಅಂತ ಕೇಳಿದ್ರಾ?" ಅಂದೆ. ಇವರಿಗೆ ಸಿಟ್ಟು ಬಂತು. ನನಗೆ ಯಾವುದರಲ್ಲೂ ಒಳ್ಳೆಯದು ಕಾಣುವುದಿಲ್ಲವಂತೆ.

ಆ ಬೇಸಿಗೆಯ ಕೊನೆಗೆ ಅತ್ತೆ ಮೈಸೂರಿನಿಂದ ಬಂದರು. ಆರು ತಿಂಗಳಿದ್ದು ಹೋಗುವ ಏರ್ಪಾಡು. ಸೀರೆಗಳ ಮಡಿಕೆಯಲ್ಲಿ ಸುತ್ತಿಕೊಂಡು ತಮ್ಮ ಗೊಂಬೆಗಳನ್ನು ತಂದಿದ್ದರು: ಪಟ್ಟದ ರಾಜ ರಾಣಿ, ಅಂಗಡಿ ಸಮೇತ ಶೆಟ್ಟಿ ಶೆಟ್ಟಮ್ಮ, ಚನ್ನಪಟ್ಟಣದ ಮರದ ಜನ. ಜನರಲ್ ಅವರನ್ನು ಕಂಡ ಮೊದಲ ದಿನವೇ ಅತ್ತೆಗೆ ಮೆಚ್ಚುಗೆಯಾಗಿತ್ತು. ಅವರು ಹಿಮ್ಮಡಿ ಜೋಡಿಸಿ, ಸೊಂಟದಿಂದ ಬಾಗಿ ನಮಸ್ಕರಿಸಿದ್ದೇ ಸಾಕಾಯಿತು. "ಎಂಥ ಕಳೆ ಇದೆ ನೋಡು ಮುಖದಲ್ಲಿ! ದೊಡ್ಡ ಮನೆತನ," ಅಂದರು. ನನ್ನ ಅಪ್ಪನ ಮುಖದಲ್ಲಿ ಅತ್ತೆಗೆ ಒಂದು ದಿನವೂ ಕಳೆ ಕಂಡದ್ದಿಲ್ಲ. ಆಮೇಲೆ ದಿನವೂ ಹಿತ್ತಲಿನಲ್ಲಿ ಇಬ್ಬರ ಮಾತುಕತೆ. ಅತ್ತೆ ಕನ್ನಡದಲ್ಲಿ, ಅವರು ಜರ್ಮನ್ನಿನಲ್ಲಿ. ಇಬ್ಬರಿಗೂ ಕಿವಿ ಸ್ವಲ್ಪ ಮಂದವಾದ್ದರಿಂದ ಯಾವ ತೊಂದರೆಯೂ ಆಗಲಿಲ್ಲ.

ನವರಾತ್ರಿಗೆ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ, ಮೇಲೆ ಬಿಳಿ ಪಂಚೆ ಹಾಸಿ ಮೆಟ್ಟಿಲು ಮಾಡಿದೆವು. ಮೆಟ್ಟಿಲ ಕೆಳಗೆ, ನೆಲದ ಮೇಲೆ, ಅತ್ತೆಯ ಹಳ್ಳಿ. ಕೇಕ್ ಬೇಯಿಸುವ ತಟ್ಟೆಗಳಿಗೆ ಮಣ್ಣು ತುಂಬಿ ಮೊದಲೇ ರಾಗಿ ಚೆಲ್ಲಿದ್ದರು. ಅದು ಹಸಿರಾಗಿ ಎದ್ದು ಹೊಲವಾಗಿತ್ತು. ಮೊಸರಿನ ಡಬ್ಬಿ ಬಾವಿಯಾಯಿತು, ಐಸ್‌ಕ್ರೀಮ್ ಕಡ್ಡಿಗಳು ಸೇತುವೆಯಾದವು. ಬೂಟಿನ ಪೆಟ್ಟಿಗೆಗೆ ಬಾಗಿಲು ಕತ್ತರಿಸಿ ಬಣ್ಣ ಬಳಿದು ದೇವಸ್ಥಾನ ಮಾಡಿದೆವು. ಪಕ್ಕದಲ್ಲಿ ದಸರಾ ಮೆರವಣಿಗೆ. ಅದಕ್ಕೆ ಸಿಪಾಯಿಗಳು ಬೇಕಲ್ಲ ಎಂದು ಇವರು ಗ್ಯಾರೇಜ್ ಸೇಲಿನಿಂದ ಹಸಿರು ಪ್ಲಾಸ್ಟಿಕ್ಕಿನ ಸೈನಿಕರ ಒಂದು ಚೀಲವನ್ನೇ ತಂದಿದ್ದರು. ಆನೆಯ ಹಿಂದೆ ಮುಂದೆ ಬಂದೂಕು ಹಿಡಿದ ಅಮೆರಿಕನ್ ಸಿಪಾಯಿಗಳು. ಅತ್ತೆ, "ಮಹಾರಾಜರು ಇದ್ದಿದ್ರೆ ನಿನ್ನ ಹಿಡಿದು ಜೈಲಿಗೆ ಹಾಕ್ತಿದ್ರು," ಎಂದು ಮಗನನ್ನು ರೇಗಿಸಿದರು.

ಮೊದಲ ಸಂಜೆ ಬೀದಿಯವರೆಲ್ಲ ಗೊಂಬೆ ನೋಡಲು ಬಂದರು. ಜನರಲ್ ಕುರ್ಚಿಯಲ್ಲಿ ಕೂತು, ರಾಜ ರಾಣಿಯ ಕಡೆ ಕಣ್ಣೂ ಎತ್ತದೆ, ಹಳ್ಳಿಯನ್ನೇ ನೋಡಿದರು. ಬಹಳ ಹೊತ್ತಿನ ಮೇಲೆ, "ಈ ಊರಿಗೆ ಎಷ್ಟು ದಾರಿ?" ಎಂದು ಕೇಳಿದರು. ಸೇತುವೆ ಮೇಲಿನದೊಂದೇ ಅಂದೆ. "ಇಲ್ಲ. ಬಾವಿಯ ಹಿಂದೆ ಒಂದು ಕಾಲುದಾರಿ ಇದೆ," ಅಂದರು. ಆಮೇಲೆ ಬಗ್ಗಿ ನೋಡಿದೆ. ಬಾವಿಯ ಹಿಂದೆ ಒಂದು ಎಳೆಯಷ್ಟು ಜಾಗದಲ್ಲಿ ರಾಗಿ ಹುಟ್ಟಿರಲಿಲ್ಲ.

ಅಂದಿನಿಂದ ದಿನಾ ಸಂಜೆ ಬಂದರು. ಅದೇ ಕುರ್ಚಿ. ಗೊಂಬೆ ನೋಡಲು ಬಂದವರಿಗೆ ಕೊಡುವ ಚರ್ಪು ಎಂದು ಅತ್ತೆ ಕಡಲೆಕಾಳು ಉಸಲಿ ಕೊಟ್ಟರೆ, ಫೋರ್ಕಿನಲ್ಲಿ ಒಂದೊಂದೇ ಕಾಳು ಚುಚ್ಚಿ ತಿನ್ನುತ್ತಿದ್ದರು. ಕಣ್ಣು ಹಳ್ಳಿಯ ಮೇಲೆ. ಅತ್ತೆಗೆ ಹಿಗ್ಗೋ ಹಿಗ್ಗು. "ಎಷ್ಟು ಭಕ್ತಿ ನೋಡೇ. ನೀವು ಟೀವಿ ನೋಡ್ಕೊಂಡು ಕೂತಿರ್ತೀರಿ," ಅಂದರು.

ವಿಜಯದಶಮಿಯ ಸಂಜೆ ಆರತಿಯಾಯಿತು. ಉರ್ಸುಲಾ ಕ್ಲಿನಿಕ್ಕಿನಿಂದ ನೇರವಾಗಿ ಬಂದು, ಕಾಫಿ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಹಬ್ಬ ಮುಗಿಯಿತು ಅನ್ನುವುದಕ್ಕೆ ಪಟ್ಟದ ಗೊಂಬೆಗಳನ್ನು ಮಲಗಿಸುವ ಪದ್ಧತಿ ನಮ್ಮಲ್ಲಿದೆ. ಮನೆಯಲ್ಲಿ ಇದನ್ನು ಮಾವ ಮಾಡುತ್ತಿದ್ದರು. ಅವರು ಹೋದ ಮೇಲೆ ಮಾಡುವ ಹಿರಿಯರು ಯಾರೆಂದು ಅತ್ತೆಗೆ ಪ್ರತಿ ವರ್ಷವೂ ಸಂಕಟ. ಅವತ್ತು ಜನರಲ್ ಕಡೆ ತಿರುಗಿ, "ರಾಯರೇ, ಇಲ್ಲಿ ಹಿರಿಯರು ನೀವೇ. ನಿಮ್ಮ ಕೈಯಿಂದಲೇ ಮಲಗಿಸಿ," ಅಂದರು. ಅಂಗೈಯನ್ನು ಕೆನ್ನೆಗಿಟ್ಟು ಮಲಗುವ ಸನ್ನೆ ಮಾಡಿ ತೋರಿಸಿದರು. ಇವರು ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಪರದೇಶದ ಮುದುಕರೊಬ್ಬರಿಗೆ ಇಷ್ಟು ಮರ್ಯಾದೆ ಕೊಟ್ಟೆವಲ್ಲ ಎಂದು ನಮಗೆಲ್ಲ ಒಳಗೊಳಗೇ ಹೆಮ್ಮೆಯಾಗಿತ್ತು.

ಜನರಲ್ ಎದ್ದರು. ರಾಜನನ್ನೂ ರಾಣಿಯನ್ನೂ ತುಂಬ ಮೃದುವಾಗಿ ಮಲಗಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಅವರು ಮಂಡಿಯೂರಿ ಹಳ್ಳಿಯ ಪಕ್ಕ ಕೂತರು.

ಮೊದಲು ಮೆರವಣಿಗೆಯಿಂದ ಸಿಪಾಯಿಗಳನ್ನು ಎತ್ತಿಕೊಂಡರು. ಇಬ್ಬರನ್ನು ಸೇತುವೆಯ ಮೇಲೆ ಇಟ್ಟರು. ಒಬ್ಬನನ್ನು ಬಾವಿಯ ಹಿಂದೆ, ರಾಗಿ ಹುಟ್ಟದ ಆ ಎಳೆಯ ಮೇಲೆ. ಮಿಕ್ಕವರನ್ನು ಹೊಲದ ಸುತ್ತ ಇಟ್ಟುಕೊಂಡು ಬಂದರು. ಆಮೇಲೆ ಮನೆಗಳ ಮುಂದಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಬಾವಿಯ ಹತ್ತಿರ ತಂದರು. ಮಡಕೆ ಮಾಡುವವನು, ಶೆಟ್ಟಿ, ಎತ್ತಿನ ಗಾಡಿಯವನು ಒಂದು ಸಾಲು. ಕೊಡ ಹೊತ್ತ ಹೆಂಗಸರು, ಶೆಟ್ಟಮ್ಮ, ಲಂಗದ ಹುಡುಗಿಯರು ಬೇರೆ ಸಾಲು. ಉಳಿದ ಮೂರು ಬೆರಳಿನ ಕೈಯಿಂದ ಸಾಲುಗಳನ್ನು ನೇರ ಮಾಡಿದರು.

"ಅಯ್ಯೋ, ಎಲ್ಲಾರನ್ನೂ ಮಲಗಿಸ್ತಾರೆ ಅಂತ ಕಾಣುತ್ತೆ. ಇರ್ಲಿ ಬಿಡಿ, ಗೊತ್ತಾಗಿಲ್ಲ ಪಾಪ," ಎಂದು ಅತ್ತೆ ನಕ್ಕರು. ನಾನು ನಗಲಿಲ್ಲ. ಆ ಎರಡು ಸಾಲುಗಳಲ್ಲಿ ಒಂದರಲ್ಲಿ ನಾನು ನಿಂತು ಬಂದಿದ್ದೆ.

ಗಂಡಸರ ಸಾಲನ್ನು ಅವರು ಮಲಗಿಸಿದರು. ಬೆನ್ನ ಮೇಲಲ್ಲ, ಮುಖ ಕೆಳಗೆ ಮಾಡಿ. ಹೆಂಗಸರನ್ನೂ ಮಕ್ಕಳನ್ನೂ ಎತ್ತಿ ಎತ್ತಿ ದೇವಸ್ಥಾನದ ಒಳಗೆ ತುಂಬಿದರು. ಜಾಗ ಸಾಲಲಿಲ್ಲ, ಕೊಡದವಳನ್ನು ಓರೆ ಮಾಡಿ ಒಳಗೆ ತಳ್ಳಿ ರಟ್ಟಿನ ಬಾಗಿಲು ಮುಚ್ಚಿದರು. ಎದ್ದು ನಿಂತು ಆರತಿ ತಟ್ಟೆಯನ್ನು ಕೈಗೆ ತೆಗೆದುಕೊಂಡರು. ಬತ್ತಿ ಇನ್ನೂ ಉರಿಯುತ್ತಿತ್ತು. ತಟ್ಟೆಯನ್ನು ತಾವು ಬಳಸಲಿಲ್ಲ. ಪಕ್ಕದಲ್ಲಿದ್ದ ಇವರ ಕಡೆ ಚಾಚಿದರು. ಹಿರಿಯರು ಕೊಟ್ಟ ತಟ್ಟೆಯನ್ನು ತೆಗೆದುಕೊಳ್ಳುವ ಅಭ್ಯಾಸ ನೋಡಿ, ಇವರು ಎರಡೂ ಕೈಯಲ್ಲಿ ತೆಗೆದುಕೊಂಡುಬಿಟ್ಟರು. ಜನರಲ್ ದೇವಸ್ಥಾನದ ಕಡೆ, ಮುಂದುವರಿಸಿ ಅನ್ನುವಂತೆ, ತುಂಬ ಸೌಜನ್ಯದಿಂದ ಕೈ ತೋರಿಸಿದರು.

ಇವರು ದೀಪ ಹಿಡಿದುಕೊಂಡು ಹಾಗೇ ನಿಂತರು. ಮುಂದಕ್ಕೂ ಹೋಗಲಿಲ್ಲ, ತಟ್ಟೆ ಕೆಳಗೂ ಇಡಲಿಲ್ಲ. ಜನರಲ್ ಕಾಯುತ್ತಿದ್ದರು. ಆ ಮುಖದಲ್ಲಿ ಸಿಟ್ಟಿಲ್ಲ, ದ್ವೇಷವಿಲ್ಲ, ಏನೂ ಇಲ್ಲ. ಕೆಲಸವೊಂದು ಮುಗಿಯಲಿ ಎಂದು ಕಾಯುವವರ ಮುಖ. ಇವತ್ತಿಗೂ ನನಗೆ ಹೆದರಿಕೆಯಾಗುವುದು ಆ ಮುಖವನ್ನು ನೆನೆದರೆ.

ಏನು ಅರ್ಥವಾಯಿತೋ, ಅತ್ತೆ ಸರ್ರನೆ ಬಂದು ಮಗನ ಕೈಯಿಂದ ತಟ್ಟೆ ಕಿತ್ತುಕೊಂಡರು. "ಬೇಡಿ ರಾಯರೇ," ಅಂದರು. ತಟ್ಟೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಅಡುಗೆಮನೆಗೆ ಹೋದರು.

ಆಗ ಉರ್ಸುಲಾ ಮುಂದೆ ಬಂದಳು. ಲೋಟವನ್ನು ಟೀವಿ ಮೇಲಿಟ್ಟು, ಜರ್ಮನ್ನಿನಲ್ಲಿ ಒಂದು ಮಾತು ಕೇಳಿದಳು. ಏನು ಕೇಳಿದಳೆಂದು ಆಮೇಲೆ ಹೇಳಿದಳು: "ಅಪ್ಪಾ, ನೀನೆಲ್ಲಿ ನಿಂತಿದ್ದೆ?" ಬಾಗಿಲ ಬಳಿ ನಿಂತಿದ್ದಷ್ಟು ಹೊತ್ತೂ ಅಪ್ಪ ಎಲ್ಲಾದರೂ ಒಂದು ಮೂಲೆಯಲ್ಲಿ ಆಸ್ಪತ್ರೆ ತೋರಿಸಲಿ ಎಂದು ಬೇಡಿಕೊಳ್ಳುತ್ತಿದ್ದಳಂತೆ.

ಜನರಲ್ ಯೋಚಿಸಲಿಲ್ಲ. ಗೊಂಬೆ ಮೆಟ್ಟಿಲಿನ ಮಧ್ಯದಲ್ಲಿ, ಇಡೀ ಹಳ್ಳಿ ಕೆಳಗೆ ಕಾಣುವ ಜಾಗದಲ್ಲಿ, ಬೆರಳಿಟ್ಟರು. "ಇಲ್ಲಿ. ಇಲ್ಲಿಂದ ಮಂಜು ಕರಗಿದ ಮೇಲೆ ಎಲ್ಲಾ ಕಾಣಿಸಿತು," ಅಂದರಂತೆ.

ಉರ್ಸುಲಾ ನೆಲದ ಮೇಲೆ ಕೂತಳು. ದೇವಸ್ಥಾನದ ಬಾಗಿಲು ತೆರೆದು ಶೆಟ್ಟಮ್ಮನನ್ನು, ಕೊಡದವಳನ್ನು, ಹುಡುಗಿಯರನ್ನು ಹೊರಗೆ ತೆಗೆದು ನಿಲ್ಲಿಸಿದಳು. ಮುಖ ಕೆಳಗಾಗಿದ್ದವರನ್ನೂ ಎತ್ತಿ ನಿಲ್ಲಿಸಿದಳು. ಜನರಲ್ ನೋಡುತ್ತಿದ್ದರು. ಅವಳು ಮುಗಿಸಿದ ಮೇಲೆ ತಾವು ಬಗ್ಗಿ, ಮೊದಲಿನ ಹಾಗೇ, ಮಡಕೆಯವನಿಂದ ಶುರುಮಾಡಿ ಮತ್ತೆ ಮಲಗಿಸಿದರು. ಅವಳು ಮತ್ತೆ ನಿಲ್ಲಿಸಿದಳು. ಅವರು ಮತ್ತೆ ಮಲಗಿಸಿದರು. ಇಬ್ಬರೂ ಅವಸರ ಮಾಡಲಿಲ್ಲ. ಎಷ್ಟು ಸಲ ಹೀಗಾಯಿತೋ. ಕೊನೆಗೆ ಅವಳು ಅವರ ಮಣಿಕಟ್ಟು ಹಿಡಿದು ಎಬ್ಬಿಸಿದಳು, ಟೋಪಿ ಕೊಟ್ಟಳು, ಕರೆದುಕೊಂಡು ಹೋದಳು. ಬಾಗಿಲಲ್ಲಿ ಜನರಲ್ ತಿರುಗಿ, ಹಿಮ್ಮಡಿ ಜೋಡಿಸಿ ನಮಗೆಲ್ಲ ನಮಸ್ಕರಿಸಿದರು.

ಗೊಂಬೆಗಳನ್ನು ಮಾರನೆಯ ದಿನ ಎತ್ತಿಡಬೇಕು. ಅತ್ತೆ ಕಾಯಲಿಲ್ಲ, ಆ ಹಳ್ಳಿಯನ್ನು ಅವತ್ತೇ, ಊಟಕ್ಕೂ ಮುಂಚೆ, ಕೈಯಾರೆ ಬಿಚ್ಚಿದರು. ರಾಗಿ ಪೈರನ್ನು ಮಣ್ಣು ಸಮೇತ ಹಿತ್ತಲಿಗೆ ಹಾಕಿ ಬಂದು, "ಆ ಮಗು ಏನಾದ್ರೂ ತಿಂದ್ಲಾ ಕೇಳು," ಅಂದರು. ಅತ್ತೆಯ ಬಾಯಲ್ಲಿ ಉರ್ಸುಲಾ ಮಗುವಾದದ್ದು ಆಗಲೇ. ಇವರು ಹೊರಗೆ ಕಾರಿನಲ್ಲಿ ಸುಮ್ಮನೆ ಕೂತಿದ್ದರು. ಕರೆಯಲು ಹೋದರೆ, "ನಾನ್ಯಾಕೆ ಅದನ್ನ ತಗೊಂಡೆ?" ಎಂದು ಕೇಳಿದರು. ಪಕ್ಕದಲ್ಲಿ ಕೂತು ಇವರ ಕೈ ಹಿಡಿದುಕೊಂಡೆ.

ಮಾರನೆಯ ದಿನ ಉರ್ಸುಲಾ ಬಂದಳು. ಕಣ್ಣು ಊದಿಕೊಂಡಿತ್ತು, ಮಾತು ನೆಟ್ಟಗಿತ್ತು. "ಊರಿನ ಹೆಸರು ಹೇಳಿ ಎಲ್ಲಾ ಕೇಳಿದೆ. ಎಲ್ಲಾ ಹೇಳಿದ. ಕಾಮಾಲೆ ಬಂದದ್ದು ಅದಾದ ಮಾರನೆಯ ವರ್ಷ," ಅಂದಳು. ಜರ್ಮನಿಯ ಸರ್ಕಾರಕ್ಕೂ ಇಲ್ಲಿನ ಸರ್ಕಾರಕ್ಕೂ ತಿಳಿಸಿದಳು. ಇಬ್ಬರು ಅಧಿಕಾರಿಗಳು ಬಂದು ಮಾತಾಡಿಸಿ ಹೋದರು. ಅವರು ಬಂದದ್ದು ಬೆಳಗಿನ ಹೊತ್ತು; ಜನರಲ್ ಕಾಮಾಲೆಯ ಕಥೆ ಹೇಳಿ ಕಾಫಿ ಕುಡಿಸಿ ಕಳುಹಿಸಿದರು. ಡಾಕ್ಟರ್ ಸರ್ಟಿಫಿಕೇಟು, ವಯಸ್ಸು, ನೆನಪಿನ ಕಾಯಿಲೆ, ಅದೂ ಇದೂ ಎಂದು ವಿಷಯ ಮುಂದಕ್ಕೆ ಹೋಗಲೇ ಇಲ್ಲ.

ಹಾಗಾದರೆ ಇನ್ನು ಹೇಗೆ ಎಂದು ಉರ್ಸುಲಾಳನ್ನು ಕೇಳಿದೆ. "ಊಟ ಕೊಡ್ತೀನಿ. ಔಷಧಿ ಕೊಡ್ತೀನಿ. ಹಾಸಿಗೆ ಬದಲಾಯಿಸ್ತೀನಿ. ಬೀದಿಗೆ ತಳ್ಳಿದರೆ ಅವನಿಗೂ ನನಗೂ ಏನು ವ್ಯತ್ಯಾಸ?" ಅಂದಳು. "ಆದರೆ ಮಗಳಾಗಿ ಆಗೋದಿಲ್ಲ."

ಅಂದಿನಿಂದ ಅವಳು ಅವರನ್ನು ಅಪ್ಪ ಅನ್ನಲಿಲ್ಲ. 'ಹೆರ್ ಜನರಲ್' ಅಂದಳು. ಜನರಲ್ ಸಾಹೇಬರೇ ಅಂದ ಹಾಗೆ. ಹೆರ್ ಜನರಲ್, ಊಟ ಸಿದ್ಧವಾಗಿದೆ. ಹೆರ್ ಜನರಲ್, ಸ್ನಾನದ ಹೊತ್ತಾಯಿತು. ಅದು ಕಿವಿಗೆ ಬಿದ್ದರೆ ನಾನು ಅಡುಗೆಮನೆಯ ಕಿಟಕಿ ಮುಚ್ಚಿಬಿಡುತ್ತಿದ್ದೆ. ಜನರಲ್ ಅವರಿಗೆ ಮಾತ್ರ ತುಂಬಾ ಹಿಡಿಸಿತು. ಇನ್ನಷ್ಟು ನೆಟ್ಟಗೆ ಕೂರತೊಡಗಿದರು. ಮೊಟ್ಟೆ ಗಟ್ಟಿಯಾಗಿದ್ದರೂ ಗೊಣಗಲಿಲ್ಲ. ಮನೆ ಕೊನೆಗೂ ಒಂದು ಹದಕ್ಕೆ ಬಂತು ಎಂದು ನನ್ನ ಹತ್ತಿರ ಹೇಳಿದರು.

ಇಲ್ಲಿನ ಚಳಿಗಾಲದ ಮಳೆ ಮುಗಿಯುವ ಹೊತ್ತಿಗೆ ಹಾಸಿಗೆ ಹಿಡಿದರು. ಅತ್ತೆ ಅಷ್ಟರಲ್ಲಿ ಮೈಸೂರಿಗೆ ಹೋಗಿದ್ದರು. ನಾನು ಕೊನೆಯ ಸಲ ನೋಡಲು ಹೋದಾಗ ದಿಂಬಿಗೆ ಒರಗಿಸಿ ಕೂರಿಸಿದ್ದರು. ಹಾಸಿಗೆ, ಬಟ್ಟೆ, ಉಗುರು, ಎಲ್ಲವೂ ಚೊಕ್ಕಟ. ಉರ್ಸುಲಾ ಹಗಲು ರಾತ್ರಿ ಒಂದು ಮಾಡಿ ನೋಡಿಕೊಂಡಿದ್ದಳು. ಅವರು ನನ್ನನ್ನು ಹತ್ತಿರ ಕರೆದರು.

"ಈ ಹೆಂಗಸು ತುಂಬ ಅಚ್ಚುಕಟ್ಟು. ಕೆಲಸದಲ್ಲಿ ಒಂದು ತಪ್ಪಿಲ್ಲ," ಅಂದರು. ಆಮೇಲೆ ದನಿ ತಗ್ಗಿಸಿದರು. ಆ ದನಿಯಲ್ಲಿ ಜನರಲ್ ಇರಲಿಲ್ಲ. "ಆದರೆ ನನ್ನ ಮಗಳು? ಅವಳನ್ನು ಕರೆಸಿ ಎಂದು ದಿನವೂ ಹೇಳುತ್ತಿದ್ದೇನೆ. ಯಾವಾಗ ಬರುತ್ತಾಳೆ?"

ಉರ್ಸುಲಾ ಗಂಜಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಅವಳನ್ನು ನೋಡಿದೆ. ನಾನೇ ಅಪ್ಪ, ಇಲ್ಲೇ ಇದ್ದೀನಿ ಅಂದುಬಿಡಲಿ ಎಂದು ಆ ಕ್ಷಣದಲ್ಲಿ ನಾನು ಮನಸಾರೆ ಬಯಸಿದೆ. ಬಯಸಬಾರದಿತ್ತೇನೋ, ಆದರೂ ಬಯಸಿದೆ. ಅವಳು ಒಳಗೆ ಬಂದು ಬಟ್ಟಲನ್ನು ಮೇಜಿನ ಮೇಲಿಟ್ಟಳು, ಅವರ ಹೊದಿಕೆಯ ಅಂಚನ್ನು ಸರಿಮಾಡಿದಳು.

"ಅವಳು ಬರೋದಿಲ್ಲ, ಹೆರ್ ಜನರಲ್," ಅಂದಳು.

ಜನರಲ್ ಅವಳ ಮುಖವನ್ನು ನೋಡಿದರು. ಆಮೇಲೆ, ಕೆಟ್ಟ ಸುದ್ದಿ ತಂದವರದೇನು ತಪ್ಪು ಅನ್ನುವಂತೆ ತಲೆಯಾಡಿಸಿ, ಅವಳಿಗೆ ಥ್ಯಾಂಕ್ಸ್ ಹೇಳಿದರು.